ಬಿದನೂರಿನ ವರಹ, ಕಾಗದದ ದಂಡು

2022ರ ಮಾರ್ಚ್ 30ರಂದು ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಒಂದು ಇಡೀ ದಂಡು ಮಾರಾಟವಾಯಿತು. ಆನೆ, ಕುದುರೆ, ಫಿರಂಗಿ, ಪಲ್ಲಕ್ಕಿ, ಸಾಲುಸಾಲು ಕಾಲಾಳು, ಎಲ್ಲವೂ ಕಾಗದದ ಮೇಲೆ. ಹತ್ತು ದೊಡ್ಡ ಹಾಳೆಗಳು. ಉದ್ದಕ್ಕೆ ಜೋಡಿಸಿ ಹಾಸಿದರೆ ಸುಮಾರು 32 ಅಡಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಒಂದು ಪಡೆಯನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ ಯುದ್ಧದ ಚಿತ್ರ ಅದು. ಕೊಂಡವರು ತೆತ್ತದ್ದು 6,30,000 ಪೌಂಡ್. ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಶ್ರೀರಂಗಪಟ್ಟಣವೂ ಅಲ್ಲ, ಕಾಂಚಿಯೂ ಅಲ್ಲ; ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು. ಆ ಸೈನಿಕರ ಸಂಬಳ ಎಲ್ಲಿಂದ ಬಂತು ಎಂದು ಲೆಕ್ಕ ತೆಗೆಯುತ್ತಾ ಹೋದರೆ ದಾರಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಕಾಗದದ ಸೈನಿಕರನ್ನು ಸಂಗ್ರಹಿಸುವ ಚಟ ಯುರೋಪಿನಲ್ಲಿ ಹಳೆಯದು. ಫ್ರಾನ್ಸಿನ ಎಪಿನಾಲ್ ಊರಿನಲ್ಲಿ ಪೆಲ್ಲೆರಾಂ ಎಂಬಾತ 1796ರಲ್ಲಿ ತೆರೆದ ಮುದ್ರಣಾಲಯದಿಂದ ಮುಂದೆ ಸೈನಿಕರ ಹಾಳೆಗಳು ಕಂತೆಗಟ್ಟಲೆ ಹೊರಬಂದವು. ಸ್ಟ್ರಾಸ್‌ಬರ್ಗಿನಲ್ಲಿ ದೊಡ್ಡವರೇ ಕುಳಿತು ನೆಪೋಲಿಯನ್ನನ ದಳಗಳನ್ನು ಒಂದೊಂದಾಗಿ ಬರೆದು, ಬಣ್ಣ ಹಚ್ಚಿ, ಕತ್ತರಿಸಿ, ಪುಟ್ಟ ಹಲಗೆಯ ಮೇಲೆ ನಿಲ್ಲಿಸಿದರು. ಅವುಗಳಲ್ಲಿ ಸಾವಿರಾರು ಇಂದಿಗೂ ಅಲ್ಲಿನ ಇತಿಹಾಸ ವಸ್ತುಸಂಗ್ರಹಾಲಯದಲ್ಲಿವೆ. ನಮ್ಮ ಕಡೆ ಅಂಥ ಆಟ ಬೆಳೆದದ್ದು ಕಡಿಮೆ. ನವರಾತ್ರಿಯ ಬೊಂಬೆ ಮೆಟ್ಟಿಲ ಮೇಲೆ ಮಣ್ಣಿನ ಸಿಪಾಯಿಗಳು ನಿಂತರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಗಂಜೀಫಾ ಎಲೆಗಳಲ್ಲಿ ರಾಜ, ಮಂತ್ರಿಗಳ ಜೊತೆ ಚತುರಂಗ ಬಲವೂ ಅಂಗೈ ಮೇಲೆ ಬಂತು. ದಂಡು ಎಂಬಷ್ಟು ದೊಡ್ಡ ಪ್ರಮಾಣದಲ್ಲಿ ಕನ್ನಡನಾಡಿನಲ್ಲಿ ಕಾಗದಕ್ಕೆ ಇಳಿದದ್ದು ಎಂದರೆ ಈ ಪೊಲ್ಲಿಲೂರಿನ ಸೈನ್ಯವೇ. ಅದನ್ನು ಬರೆಸಿದ್ದು ಆಟಕ್ಕಾಗಿಯಂತೂ ಅಲ್ಲ.

ಈಗ ನಗರಕ್ಕೆ ಬರೋಣ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ, ಹೊಸನಗರದ ಸೀಮೆಯನ್ನು ಹಾದು ಸಾಗರಕ್ಕೆ ಇಳಿಯುತ್ತದೆ. ಈ ನದಿ ಪೋಣಿಸಿದ ಮೂರು ತಾಲ್ಲೂಕುಗಳೇ ಕೆಳದಿ ಅರಸರ ಒಡಲು. ಕೆಳದಿ ಮತ್ತು ಇಕ್ಕೇರಿ ಸಾಗರದಲ್ಲಿ, ಬಿದನೂರು ಹೊಸನಗರದಲ್ಲಿ, ಕವಲೇದುರ್ಗ ತೀರ್ಥಹಳ್ಳಿಯಲ್ಲಿ. ಅಡಿಕೆ, ಕಾಳುಮೆಣಸು, ಅಕ್ಕಿ ಘಟ್ಟ ಇಳಿದು ಕರಾವಳಿಯ ಬಂದರು ಸೇರಿದರೆ ಅಲ್ಲಿಂದ ಚಿನ್ನ ಘಟ್ಟ ಹತ್ತುತ್ತಿತ್ತು. ಇಕ್ಕೇರಿ ವರಹ ದಕ್ಷಿಣದಲ್ಲೆಲ್ಲ ನಡೆಯುತ್ತಿತ್ತು. 1640ರ ಹೊತ್ತಿಗೆ ರಾಜಧಾನಿಯಾದ ಬಿದನೂರು, ಶಿವಪ್ಪ ನಾಯಕನ ಕಾಲಕ್ಕೆ ದೊಡ್ಡ ಪಟ್ಟಣ. ಸುತ್ತಲಿನ ಗುಡ್ಡಗಳೂ ಬಿದಿರು ಹಿಂಡಿಲೂ ವರ್ಷದಲ್ಲಿ ಅರ್ಧ ಕಾಲ ಸುರಿಯುವ ಮಳೆಯೂ ಅದಕ್ಕೆ ಕೋಟೆಗಿಂತ ಗಟ್ಟಿಯಾದ ಕಾವಲು.

1763ರ ಆರಂಭದಲ್ಲಿ, ಮಳೆಯಿಲ್ಲದ ತಿಂಗಳು ನೋಡಿಕೊಂಡೇ ಹೈದರಾಲಿ ಶಿವಮೊಗ್ಗದ ಕಡೆಯಿಂದ ಬಂದ. ಗದ್ದುಗೆಯ ಮೇಲೆ ರಾಣಿ ವೀರಮ್ಮಾಜಿ. ಸಿಂಹಾಸನ ತನ್ನದೆಂದು ಹೇಳಿಕೊಂಡ ಒಬ್ಬ ಯುವಕ ಹೈದರನ ಪಾಳೆಯದಲ್ಲಿದ್ದ; ದಂಡೆತ್ತಲು ಅಷ್ಟು ನೆಪ ಸಾಕಾಯಿತು. ಹೈದರ ಕುಂಸಿ, ಅನಂತಪುರ ದಾಟುತ್ತಿದ್ದಂತೆ ರಾಣಿ ಕಳುಹಿಸಿದ ಕಾಣಿಕೆಯ ಮೊತ್ತ ಏರುತ್ತಾ ಹೋಯಿತು, ಆತ ನಿಲ್ಲಲಿಲ್ಲ. ಬಿದನೂರಿನ ಹಳೆಯ ಮಂತ್ರಿ ಲಿಂಗಣ್ಣ ತೋರಿಸಿದ ಕಳ್ಳದಾರಿಯಲ್ಲಿ ಒಂದು ತುಕಡಿ ಊರೊಳಗೆ ನುಗ್ಗಿತು. ಅರಮನೆಗೆ ಬೆಂಕಿ ಬಿತ್ತು, ರಾಣಿ ಬಲ್ಲಾಳರಾಯನದುರ್ಗದ ಕಡೆಗೆ ಓಡಿದಳು, ಜನ ಕಾಡು ಸೇರಿದರು. ಹೈದರ ಮಾಡಿದ ಮೊದಲ ಕೆಲಸ ಬೆಂಕಿ ಆರಿಸಿದ್ದು. ಎರಡನೆಯದು, ಶ್ರೀಮಂತರ ಮನೆಗಳಿಗೆ ಮುದ್ರೆ ಹಾಕಿಸಿದ್ದು.

ಅಂದು ಕೈಗೆ ಬಂದ ಸಂಪತ್ತನ್ನು ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟಿಸತೊಡಗಿದ ತನ್ನ ಮೈಸೂರು ಇತಿಹಾಸದಲ್ಲಿ 1 ಕೋಟಿ 20 ಲಕ್ಷ ಪೌಂಡ್ ಎಂದು ಅಂದಾಜು ಮಾಡಿದ. ಅಂಕಿ ಅತಿಯಾಯಿತು ಎಂದು ನನಗೂ ಅನ್ನಿಸುತ್ತದೆ. ಸೋತ ಊರಿನ ಖಜಾನೆ ಕೇಳಿದವರ ಬಾಯಲ್ಲಿ ಯಾವಾಗಲೂ ಬೆಳೆಯುತ್ತದೆ. ಆದರೆ ಬಿದನೂರೇ ತನ್ನ ಏಳಿಗೆಯ ಅಡಿಗಲ್ಲು ಎಂದು ಹೈದರನೇ ಹೇಳುತ್ತಿದ್ದನೆಂದೂ ವಿಲ್ಕ್ಸ್ ಬರೆದಿದ್ದಾನೆ. ಅದನ್ನು ನಂಬಲು ಅಡ್ಡಿಯಿಲ್ಲ, ಏಕೆಂದರೆ ಹೈದರನ ನಡೆಯೇ ಅದಕ್ಕೆ ಸಾಕ್ಷಿ. ಊರಿಗೆ ಹೈದರನಗರ ಎಂದು ತನ್ನ ಹೆಸರಿಟ್ಟ. ಅಲ್ಲಿ ಟಂಕಸಾಲೆ, ಮದ್ದುಗುಂಡಿನ ಕಾರ್ಖಾನೆ ನಡೆಸಿದ. ತನ್ನ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಇಕ್ಕೇರಿ ವರಹದ ಶಿವಪಾರ್ವತಿಯರನ್ನೇ ಉಳಿಸಿಕೊಂಡು, ಇನ್ನೊಂದು ಮುಖಕ್ಕೆ ಹೆಸರಿನ ಮೊದಲ ಅಕ್ಷರವನ್ನು ಪರ್ಶಿಯನ್ ಲಿಪಿಯಲ್ಲಿ ಹೊಡೆಸಿದ. ಮಲೆನಾಡಿನ ಜೊತೆಗೆ ಮಂಗಳೂರು, ಹೊನ್ನಾವರಗಳ ಬಂದರುಗಳೂ ಸಿಕ್ಕವು, ಅವುಗಳ ಮೂಲಕ ಬಂದೂಕು, ಕುದುರೆ, ಫ್ರೆಂಚ್ ಕುಶಲಿಗರು ಬರುವ ದಾರಿಯೂ ಸಿಕ್ಕಿತು. ಊರಿನವರು ಸುಮ್ಮನೆ ತಲೆಬಾಗಲಿಲ್ಲ. ಹಳೆಯ ಅಧಿಕಾರಿಗಳು ಹೈದರನನ್ನು ಕೊಲ್ಲಲು ಹೂಡಿದ ಒಳಸಂಚು ಬಯಲಾಗಿ, ಮುನ್ನೂರಕ್ಕೂ ಹೆಚ್ಚು ಜನರನ್ನು ಊರಿನ ಬೇರೆ ಬೇರೆ ಕಡೆ ನೇಣಿಗೇರಿಸಲಾಯಿತು. ಆ ಹಾಳೆಗಳ ಮೇಲಿನ ಕೆಂಪು ನೀಲಿ ಅಂಗಿಗಳನ್ನು ನೋಡುವಾಗ ಈ ಖರ್ಚನ್ನೂ ಸೇರಿಸಿಕೊಂಡೇ ನೋಡಬೇಕಾಗುತ್ತದೆ.

ಹದಿನೇಳು ವರ್ಷಗಳ ನಂತರ, 1780ರ ಜುಲೈಯಲ್ಲಿ, ಹೈದರ ಎಂಬತ್ತು ಸಾವಿರಕ್ಕೂ ಮಿಕ್ಕಿದ ಸೈನ್ಯದೊಂದಿಗೆ ಚಂಗಮ ಕಣಿವೆಯಲ್ಲಿ ಇಳಿದು ಕರ್ನಾಟಿಕ್ ಸೀಮೆಗೆ ನುಗ್ಗಿದ. ಮದ್ರಾಸಿನಿಂದ ಸರ್ ಹೆಕ್ಟರ್ ಮನ್ರೋ ಕಾಂಚೀಪುರಕ್ಕೆ ಹೊರಟ. ಗುಂಟೂರಿನ ಕಡೆಯಿಂದ ಕರ್ನಲ್ ವಿಲಿಯಂ ಬೇಲಿ ಬಂದು ಅವನನ್ನು ಸೇರಿಕೊಳ್ಳಬೇಕು. ಬೇಲಿಯನ್ನು ಮೊದಲು ತಡೆದದ್ದು ಒಂದು ಹೊಳೆ. ಆಗಸ್ಟ್ 25ರಂದು ಕೊರ್ತಲೈಯಾರಿನ ದಡಕ್ಕೆ ಬಂದವನು ಆಚೆ ದಾಟಿ ಬಿಡಾರ ಹಾಕುವ ಬದಲು ಈಚೆಯೇ ಮಲಗಿದ. ರಾತ್ರಿ ನೀರು ಏರಿತು. ದಾಟುವಷ್ಟರಲ್ಲಿ ಸೆಪ್ಟೆಂಬರ್ 4 ಆಗಿತ್ತು. ಆರನೇ ತಾರೀಖು ಪೆರಂಬಾಕ್ಕಂನಲ್ಲಿ ಟಿಪ್ಪು ಮೇಲೆ ಬಿದ್ದ. ಮನ್ರೋ ಇದ್ದದ್ದು ಹದಿನಾಲ್ಕು ಮೈಲಿ ದೂರದಲ್ಲಿ. ಸಾವಿರದಷ್ಟು ಜನರನ್ನು ಸಹಾಯಕ್ಕೆ ಕಳುಹಿಸಿ ತಾನು ಕಾಂಚಿಯಲ್ಲೇ ಉಳಿದ. ಆ ಸಾವಿರ ಸೇರಿ ಬೇಲಿಯ ಬಳಿ 3,800ಕ್ಕೂ ಹೆಚ್ಚು ಸೈನಿಕರಾದರು.

ಹತ್ತರ ಬೆಳಿಗ್ಗೆ ಅವರು ಪೊಲ್ಲಿಲೂರಿನ ಬಯಲಿನಲ್ಲಿ ಸಿಕ್ಕಿಬಿದ್ದರು. ಎದುರಿಗೆ ಟಿಪ್ಪು, ಹಿಂದಿನಿಂದ ಹೈದರ. ಕಂಪನಿಯ ಪಡೆ ಚೌಕ ಕಟ್ಟಿ ನಿಂತಿತು. ಅದರ ನಡುವೆ ಇದ್ದ ಮದ್ದಿನ ಬಂಡಿಗಳು ಸಿಡಿದವು. ಸಿಡಿಸಿದ್ದು ಲಾಲಿ ಎಂಬ ಫ್ರೆಂಚನ ಫಿರಂಗಿ ಎನ್ನುವವರಿದ್ದಾರೆ, ಮೈಸೂರಿನ ಅಗ್ನಿಬಾಣ ಎನ್ನುವವರೂ ಇದ್ದಾರೆ. ಮದ್ದು ಹೋದ ಮೇಲೆ ಚೌಕ ನಿಲ್ಲಲಿಲ್ಲ. ಬೇಲಿ ಶರಣಾದ. ಸುದ್ದಿ ಮುಟ್ಟಿದ ಮನ್ರೋ ಭಾರೀ ಫಿರಂಗಿಗಳನ್ನು ಕಾಂಚಿಯ ದೇವಸ್ಥಾನದ ಕಲ್ಯಾಣಿಗೆ ತಳ್ಳಿಸಿ ಚೆಂಗಲ್ಪಟ್ಟಿನ ಕಡೆಗೆ ಕಾಲ್ತೆಗೆದ. ಹದಿನಾರು ವರ್ಷಗಳ ಹಿಂದೆ ಬಕ್ಸಾರ್ ಕದನ ಗೆದ್ದ ಶೂರ ಎಂಬ ಹೆಸರಿನಲ್ಲೇ ಅಲ್ಲಿಯವರೆಗೆ ಬದುಕಿದ್ದವನು ಅವನು. ಸೆರೆ ಸಿಕ್ಕವರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಬೇಲಿ 1782ರ ನವೆಂಬರಿನಲ್ಲಿ ಸೆರೆಯಲ್ಲೇ ಸತ್ತ. ಡೇವಿಡ್ ಬೇರ್ಡ್ ಎಂಬ ತರುಣ ನಾಯಕ ಬದುಕಿ ಉಳಿದ; 1799ರ ಮೇ 4ರಂದು ಶ್ರೀರಂಗಪಟ್ಟಣದ ಬಿರುಕಿಗೆ ಮೊದಲು ನುಗ್ಗಿದ ದಳದ ಮುಂದಾಳು ಅವನೇ.

ಟಿಪ್ಪು 1784ರಲ್ಲಿ ದರಿಯಾ ದೌಲತ್ ಕಟ್ಟಿಸಿ ಅದರ ಪಶ್ಚಿಮದ ಗೋಡೆಯ ಮೇಲೆ ಈ ಯುದ್ಧವನ್ನು ಬರೆಸಿದ. ಲಂಡನ್ನಿನಲ್ಲಿ ಮಾರಾಟವಾದ ಹಾಳೆಗಳಲ್ಲಿ ಇರುವುದೂ ಅದೇ ಕಥೆ, ಬಹುಮಟ್ಟಿಗೆ ಅದೇ ಜೋಡಣೆ. ಗೋಡೆಗೆ ಮುನ್ನ ಸಿದ್ಧಪಡಿಸಿದ ಮಾದರಿಯೋ, ಗೋಡೆ ನೋಡಿ ತೆಗೆದ ಪ್ರತಿಯೋ ಎಂಬುದರ ಮೇಲೆ ವಿದ್ವಾಂಸರ ವಾದ ಇದೆ.

ಚಿತ್ರದ ನಡುವೆ ಬೇಲಿ. ಕುದುರೆಯ ಮೇಲೆ ಕತ್ತಿ ಹಿರಿದ ಸೇನಾಪತಿಯಾಗಿ ಅಲ್ಲ. ಗಾಯಾಳುವಾಗಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಬೆರಳು ಕಚ್ಚಿಕೊಂಡಿದ್ದಾನೆ. ಅವನ ಸುತ್ತ ಕೆಂಪಂಗಿಯ ಸಾಲುಗಳು, ಮೀಸೆಯಿಲ್ಲದ ನುಣುಪು ಮುಖಗಳು, ಎಲ್ಲರ ಬಂದೂಕೂ ಒಂದೇ ಓರೆ. ಮೇಲುಗಡೆ ಮದ್ದಿನ ಬಂಡಿಯ ಸ್ಫೋಟ. ಎರಡೂ ಕಡೆಯಿಂದ ಮೈಸೂರಿನ ಕುದುರೆ ದಂಡು ಒತ್ತರಿಸಿ ಬರುತ್ತಿದೆ. ಅವರಿಗೆಲ್ಲ ಮೀಸೆ ಉಂಟು. ನೆಲದ ಮೇಲೆ ಮುಂಡದಿಂದ ಬೇರೆಯಾದ ತಲೆಗಳು, ಅವುಗಳ ಮೇಲೂ ಟೋಪಿ ಸರಿಯಾಗಿಯೇ ಕೂತಿದೆ. ಲಾಲಿ ದುರ್ಬೀನು ಹಿಡಿದಿದ್ದಾನೆ. ಇಷ್ಟು ಗದ್ದಲದಲ್ಲಿ ಟಿಪ್ಪು ಗುಲಾಬಿ ಮೂಸುತ್ತಿದ್ದಾನೆ.

ಆ ಗುಲಾಬಿಯನ್ನು ಕಂಡವರು ಕಲಾವಿದನ ಮುಖಸ್ತುತಿ ಎಂದು ನಕ್ಕು ಮುಂದೆ ಹೋಗುತ್ತಾರೆ. ನನಗೆ ಕುತೂಹಲ ಇರುವುದು ಕಾಲಾಳುಗಳ ಮೇಲೆ. ಮೈಸೂರಿನ ಚಿತ್ರಗಾರರು ಹುಣಿಸೆಯ ನೇರ ಕಡ್ಡಿಗಳನ್ನು ಸುಟ್ಟ ಇದ್ದಿಲಿನಿಂದ ಮೊದಲ ಗೆರೆ ಎಳೆದು, ಅಳಿಲಿನ ಕೂದಲಿನ ಕುಂಚದಲ್ಲಿ ಬಣ್ಣ ತುಂಬುತ್ತಿದ್ದವರು. ಅಂಥ ಕೈಗಳು ರಾಜನ ಮುಖಕ್ಕೆ ಎಷ್ಟು ಹೊತ್ತು ಕೊಡುತ್ತವೆ, ನೂರಾರು ಸಿಪಾಯಿಗಳಿಗೆ ಎಷ್ಟು ಕೊಡುತ್ತವೆ ಎಂಬುದು ಚಿತ್ರದಲ್ಲೇ ಕಾಣುತ್ತದೆ. ಒಂದು ಕಾಲು ಬರೆದರೆ ಅದೇ ಕಾಲು ಸಾಲಿನ ಕೊನೆಯ ತನಕ. ಒಂದು ಪೇಟ, ಒಂದು ನಡುಪಟ್ಟಿ, ಒಂದೇ ಹೆಜ್ಜೆ. ಯುರೋಪಿನ ಮುದ್ರಣದ ಹಾಳೆಯಲ್ಲಿ ಅಚ್ಚು ಮಾಡಿದ ಕೆಲಸವನ್ನು ಇಲ್ಲಿ ಮಣಿಕಟ್ಟು ಮಾಡಿದೆ. ಕವಾಯತು ಕಲಿತ ಸೈನ್ಯ ಅಂದು ನಮ್ಮವರಿಗೆ ಹೊಸ ನೋಟ. ಸಾವಿರ ಜನ ಒಂದೇ ಆಳಿನಂತೆ ಕಾಲೆತ್ತುವುದನ್ನು ಕಂಡ ಬೆರಗು ಆ ಗೆರೆಗಳಲ್ಲಿದೆ. ಶಿವಮೊಗ್ಗ ಸೀಮೆಯ ವೀರಗಲ್ಲುಗಳ ಶಿಲ್ಪಿ ಸತ್ತ ಒಬ್ಬೊಬ್ಬ ಬಂಟನಿಗೂ ಒಂದು ಕಲ್ಲು ಕೊಟ್ಟಿದ್ದ, ಹೆಸರು ಕೆತ್ತಿದ್ದ, ಕೈಲಾಸಕ್ಕೂ ಹತ್ತಿಸಿದ್ದ. ಪೊಲ್ಲಿಲೂರಿನ ಕಾಲಾಳಿಗೆ ಆ ಮರ್ಯಾದೆ ಇಲ್ಲ.

ಹೈದರ 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ತೀರಿಕೊಂಡ. ಮುಂದಿನ ತಿಂಗಳೇ ಜನರಲ್ ಮ್ಯಾಥ್ಯೂಸ್ ಮುಂಬಯಿಯ ಪಡೆಯೊಂದಿಗೆ ಕುಂದಾಪುರ ಹಿಡಿದು, ಹೊಸಂಗಡಿ ಘಾಟಿ ಹತ್ತಿ ನಗರಕ್ಕೆ ಬಂದ. ಅಲ್ಲಿನ ಅಧಿಕಾರಿ ಅಯಾಜ್ ಹೈದರನ ಅಚ್ಚುಮೆಚ್ಚಿನವನು, ಟಿಪ್ಪುವಿಗೆ ಕಣ್ಣುರಿ. ಹೊಸ ಸುಲ್ತಾನನ ಕೈಯಲ್ಲಿ ಸಾಯುವುದಕ್ಕಿಂತ ಶತ್ರುವಿಗೆ ಕೀಲಿ ಕೊಡುವುದು ಮೇಲೆಂದು ಕೋಟೆ ಒಪ್ಪಿಸಿಬಿಟ್ಟ. ಫೆಬ್ರವರಿಯಲ್ಲಿ ಸಾಗರದ ಅನಂತಪುರದ ಕೋಟೆಯೂ ಬಿತ್ತು. ಅಲ್ಲಿ ನಡೆದ ಕೊಲೆಗಳ ವರದಿ ಲಂಡನ್ನಿನ ಪತ್ರಿಕೆಗಳ ತನಕ ಹೋಗಿ ದೊಡ್ಡ ವಿವಾದವಾಯಿತು. ಬಿದನೂರಿನ ಹಣ ಮತ್ತೊಮ್ಮೆ ತನ್ನ ಗುಣ ತೋರಿಸಿತು. ಖಜಾನೆ ಎಲ್ಲಿ ಹೋಯಿತೆಂದು ಮ್ಯಾಥ್ಯೂಸನ ಮೇಲೆ ಅವನ ಅಧಿಕಾರಿಗಳೇ ದೂರು ಹೊತ್ತು ಮುಂಬಯಿಗೆ ನಡೆದರು. ಏಪ್ರಿಲ್ ಕೊನೆಗೆ ಟಿಪ್ಪು ಮುತ್ತಿಗೆ ಹಾಕಿ ಕೋಟೆ ಬಿಡಿಸಿಕೊಂಡಾಗ ಬೊಕ್ಕಸ ಖಾಲಿ. ವರಹಗಳನ್ನು ಸೋತವರು ತಮ್ಮೊಳಗೆ ಹಂಚಿಕೊಂಡು ಬಟ್ಟೆಬರೆಗಳಲ್ಲಿ ಅಡಗಿಸಿದ್ದರು. ಝಡತಿಯಲ್ಲಿ ಅದು ಹೊರಬಿತ್ತು. ಒಪ್ಪಂದ ಮುರಿದಿರೆಂದು ಎಲ್ಲರನ್ನೂ ಸೆರೆಗೆ ಅಟ್ಟಿದ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದಿಂದ ಹಿಂದಿರುಗಲಿಲ್ಲ. ಇಷ್ಟೆಲ್ಲ ನಡೆದ ಮರುವರ್ಷವೇ ಕಟ್ಟಿದ ಅರಮನೆಯ ಗೋಡೆಗೆ ಟಿಪ್ಪು ಆರಿಸಿಕೊಂಡ ಯುದ್ಧ ಮಾತ್ರ ಪೊಲ್ಲಿಲೂರು. ಬಯಲಿನಲ್ಲಿ, ಹಗಲಿನಲ್ಲಿ, ಚೌಕ ಕಟ್ಟಿದ ಶತ್ರುವನ್ನು ಸುತ್ತುಗಟ್ಟಿ ಗೆದ್ದದ್ದು ಚಿತ್ರಕ್ಕೆ ಒಗ್ಗುತ್ತದೆ. ಗುಡ್ಡಗಾಡಿನ ಕೋಟೆಯಲ್ಲಿ ಚಿಂದಿ ಬಿಚ್ಚಿಸಿ ನಾಣ್ಯ ಹುಡುಕಿದ್ದನ್ನು ಯಾರು ಬರೆಸುತ್ತಾರೆ?

ಇಲ್ಲಿಂದ ಮುಂದೆ ಈ ಚಿತ್ರದ ಹಣೆಬರಹ ವಿಚಿತ್ರ. ಗೆದ್ದವನು ಬರೆಸಿದ್ದನ್ನು ಕಾಪಾಡಿದವರು ಸೋತವರು. ಕೊನೆಯ ಮುತ್ತಿಗೆಯ ಹೊತ್ತಿಗಾಗಲೇ ಗೋಡೆಯ ಚಿತ್ರ ಕೆಟ್ಟಿತ್ತು. 1799ರ ನಂತರ ದರಿಯಾ ದೌಲತ್ತಿನಲ್ಲಿ ವಾಸಕ್ಕೆ ಬಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್, ಅದನ್ನು ಸರಿಪಡಿಸಿದ. ತನ್ನದೇ ಕಡೆಯ ಕರ್ನಲ್ ಬೆರಳು ಕಚ್ಚುವುದನ್ನು ದಿನಾ ನೋಡುತ್ತಾ ಬಾಳಿದ ಎಂದಾಯಿತು. ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಮೂಲ ಚಿತ್ರ ಕಂಡು ನೆನಪಿಟ್ಟುಕೊಂಡಿದ್ದ ಸ್ಥಳೀಯ ಕಲಾವಿದನಿಂದ 1855ರ ಸುಮಾರಿಗೆ ಮತ್ತೆ ಬರೆಸಿದ. ಹಾಗಾಗಿ ಇಂದು ಗೋಡೆಯ ಮೇಲೆ ನಾವು ನೋಡುವ ಸಿಪಾಯಿಗಳ ಬಣ್ಣದಲ್ಲಿ ಎಷ್ಟು 1784ರದು, ಎಷ್ಟು ಮುದುಕನೊಬ್ಬನ ನೆನಪಿನದು ಎಂದು ಬಿಡಿಸುವುದು ಕಷ್ಟ. ಕಾಗದದ ಹಾಳೆಗಳಿಗೆ ಬೆಲೆ ಬಂದದ್ದಕ್ಕೆ ಇದೂ ಒಂದು ಕಾರಣ. ಆ ಹಾಳೆಗಳು 1802ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿದ್ದ ಮದ್ರಾಸ್ ಫಿರಂಗಿ ದಳದ ಫ್ರೀಸ್ ಎಂಬ ಅಧಿಕಾರಿಯ ಜೊತೆ ಇಂಗ್ಲೆಂಡಿಗೆ ಹೋದವು ಎನ್ನುತ್ತದೆ ಹರಾಜು ಸಂಸ್ಥೆ. ಈತ ವೆಲ್ಲೆಸ್ಲಿಯ ಸ್ನೇಹವಲಯದವನು.

ಲಂಡನ್ನಿನ ಜನಕ್ಕೆ ಬೇಕಾದದ್ದು ಬೇರೆ ಚಿತ್ರ. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಶ್ರೀರಂಗಪಟ್ಟಣದ ಪತನವನ್ನು 120 ಅಡಿ ಉದ್ದದ ಬಟ್ಟೆಯ ಮೇಲೆ ಆರೇ ವಾರದಲ್ಲಿ ಬರೆದು ಲೈಸಿಯಂನಲ್ಲಿ ಕಟ್ಟಿದ, ಜನ ದುಡ್ಡು ಕೊಟ್ಟು ಮುಗಿಬಿದ್ದರು. ಅವನು ಇತ್ತ ತಲೆ ಹಾಕಿದವನೇ ಅಲ್ಲ. ಟಿಪ್ಪುವಿನ ಸೋಲು ನಾಟಕವೂ ಆಯಿತು. ಅದೇ ಕಾಲಕ್ಕೆ ಅಂಥ ಯುದ್ಧ ನಾಟಕಗಳ ಪಾತ್ರಗಳನ್ನು ಕಾಗದದ ಹಾಳೆಯಲ್ಲಿ ಅಚ್ಚು ಹಾಕಿ ಮಾರುವ ಅಂಗಡಿಗಳೂ ಹುಟ್ಟಿದವು. ಬರೀ ಗೆರೆಯ ಹಾಳೆಗೆ ಒಂದು ಪೆನ್ನಿ, ಬಣ್ಣ ಹಚ್ಚಿದ್ದಕ್ಕೆ ಎರಡು. ಹುಡುಗರು ಕತ್ತರಿಸಿ ರಟ್ಟಿಗೆ ಅಂಟಿಸಿ ಮೇಜಿನ ಮೇಲೆ ಕೋಟೆ ಹಿಡಿದರು. ದರಿಯಾ ದೌಲತ್ತಿನ ಚಿತ್ರಗಾರನಿಗೆ ಯಾರೂ ಟಿಕೆಟ್ಟು ಕೊಡಲಿಲ್ಲ, ಹೆಸರನ್ನೂ ಬರೆದಿಡಲಿಲ್ಲ.

ಇನ್ನೊಂದು ಚಿತ್ರದ ಮಾತು ಕನ್ನಡಿಗರಿಗೆಲ್ಲ ಗೊತ್ತು. 1963ರ ಸುಮಾರಿಗೆ ಅಮೆರಿಕದ ವಾಲಪ್ಸ್ ದ್ವೀಪದಲ್ಲಿರುವ ನಾಸಾ ಕೇಂದ್ರಕ್ಕೆ ತರಬೇತಿಗೆ ಹೋಗಿದ್ದ ಅಬ್ದುಲ್ ಕಲಾಂ, ಅಲ್ಲಿನ ಗೋಡೆಯ ಮೇಲೆ ಬ್ರಿಟಿಷರ ಮೇಲೆ ಅಗ್ನಿಬಾಣ ಬಿಡುತ್ತಿರುವ ಟಿಪ್ಪುವಿನ ಸೈನಿಕರನ್ನು ಕಂಡರು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರಿಗೆ ಬಿಗಿದು ಹಾರಿಸುವ ಬಾಣ. ಕಬ್ಬಿಣದ ಕೊಳವೆ ಇದ್ದುದರಿಂದಲೇ ಅದು ಕಾಗದದ ಬಾಣಗಳಿಗಿಂತ ದೂರ ಹೋಗುತ್ತಿತ್ತು. ಶ್ರೀರಂಗಪಟ್ಟಣದಿಂದ ಒಯ್ದ ಮಾದರಿಗಳನ್ನು ನೋಡಿ ಕಾಂಗ್ರೀವ್ ಎಂಬಾತ 1804ರಿಂದ ಇಂಗ್ಲೆಂಡಿನಲ್ಲಿ ತನ್ನ ಬಾಣಗಳನ್ನು ಮಾಡಿದ.

ಮೈಸೂರಿನ ಆ ಬಾಣಗಳಲ್ಲಿ ದೊಡ್ಡ ರಾಶಿಯೊಂದು ನಗರದಲ್ಲೇ ಉಳಿದುಹೋಗಿತ್ತು. 2002ರಲ್ಲಿ ಅಲ್ಲಿನ ಬಾವಿಯೊಂದರಲ್ಲಿ ನೂರರವತ್ತರಷ್ಟು ಕಬ್ಬಿಣದ ಕೊಳವೆಗಳು ಸಿಕ್ಕವು. ಗುಂಡುಗಳಿರಬೇಕೆಂದು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ತಂದಿಟ್ಟರು. ಅವು ಟಿಪ್ಪು ಕಾಲದ ಬಾಣಗಳೆಂದು ಗುರುತಾಗಲು ಹತ್ತು ವರ್ಷದಷ್ಟು ಕಾಲ ಹಿಡಿಯಿತು. 2018ರ ಜುಲೈಯಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಪಾಳು ಬಾವಿಯ ಮಣ್ಣು ತೆಗೆಸಿದಾಗ ಸಾವಿರಕ್ಕೂ ಮಿಕ್ಕಿ ಹೊರಬಂದವು. ಮಣ್ಣಿಗೇ ಮದ್ದಿನ ವಾಸನೆ ಇತ್ತು. ಹನ್ನೆರಡು ಹದಿನಾಲ್ಕು ಅಂಗುಲದ ಕೊಳವೆಗಳು, ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಲವುಗಳೊಳಗೆ ಪೊಟ್ಯಾಸಿಯಂ ನೈಟ್ರೇಟು, ಇದ್ದಿಲ ಪುಡಿ ಇನ್ನೂ ಇತ್ತು.

ಟಿಪ್ಪುವಿನ ಶಯನಗೃಹದ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು, ಇಡೀ ಕಾಗದದ ದಂಡಿನ ಬೆಲೆಗಿಂತ ಇಪ್ಪತ್ತು ಪಟ್ಟು ಹೆಚ್ಚು. ರಾಜನ ಒಂದು ಕತ್ತಿಗೂ ಸಾವಿರ ಕಾಲಾಳಿಗೂ ಇರುವ ಅಂತರ ಹರಾಜಿನವರ ಲೆಕ್ಕದಲ್ಲೂ ಹಾಗೆಯೇ ಇದೆ. ನಗರದ ಬಾವಿಯ ಬಾಣಗಳಿಗೆ ಯಾರೂ ಬೆಲೆ ಕಟ್ಟಿಲ್ಲ. ಅವನ್ನು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೇ ಸಾಗಿಸಲಾಯಿತು.